ಮೊದಲ ಸುತ್ತಿನ ಗಿರಾಕಿಗಳು

ಚಳಿ ಶುರುವಾಯಿತೆಂದರೆ ಗಂಗಾನಗರದ ನಮ್ಮ ಬೀದಿಯ ತಿರುವಿನಲ್ಲಿ ಅವರೆಕಾಯಿಯ ರಾಶಿ ಬೀಳುತ್ತದೆ. ಮೊನ್ನೆ ಬೆಳಗ್ಗೆ ಹಾಲು ತರಲು ಹೋದವನು ಆ ರಾಶಿಯ ಮುಂದೆ ನಿಂತುಬಿಟ್ಟೆ. ಸೊಗಡು ಮೂಗಿಗೆ ಬಡಿದಿತ್ತು. ಈ ವಾಸನೆಗೆ ನಿಮಗೆ ಏನೇನು ನೆನಪಾಗುತ್ತದೋ ನಾನರಿಯೆ. ಹಿತಕಿದ ಬೇಳೆಯ ಸಾರೋ, ಅಕ್ಕಿರೊಟ್ಟಿಯೋ, ಕಾಲು ಚಾಚಿ ಕುಳಿತು ಕಾಯಿ ಸುಲಿಯುವ ಅಜ್ಜಿಯೋ ಇರಬಹುದು. ನನಗೆ ಬ್ಯಾಸ್ಕೆಟ್‌ಬಾಲ್ ನೆನಪಾಗುತ್ತದೆ. ಹಾಗೆಂದು ಮನೆಯಲ್ಲಿ ಹೇಳಿದರೆ ಸೊಸೆ ಡಾಕ್ಟರ ಬಳಿಗೆ ಕರೆದುಕೊಂಡು ಹೋಗುತ್ತಾಳೆ. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ. ನಿಮಗೆ ಪುರುಸೊತ್ತಿದೆ ಎಂದುಕೊಂಡಿದ್ದೇನೆ. ಇಲ್ಲದಿದ್ದರೂ ಇಷ್ಟು ದೂರ ಓದಿಬಿಟ್ಟಿದ್ದೀರಿ.

ಅರವತ್ತರ ದಶಕದ ನಡುವಿನ ಮಾತು ಇದು. ಆಗ ನಮ್ಮ ಮನೆ ಅಲ್ಲಾಳಸಂದ್ರದಲ್ಲಿ ಬಳ್ಳಾರಿ ರಸ್ತೆಗೆ ಮುಖ ಮಾಡಿಕೊಂಡಿತ್ತು. ಅಪ್ಪ ಕೋಸು, ಮೂಲಂಗಿ ಬೆಳೆಯುತ್ತಿದ್ದರು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ದಿನಾ ಬೆಳಗ್ಗೆ ಯಲಹಂಕದ ಸ್ಟೇಷನ್ನಿಗೆ ನಡೆದು, ಪ್ಯಾಸೆಂಜರ್ ಗಾಡಿ ಹಿಡಿದು ಯಶವಂತಪುರದಲ್ಲಿ ಇಳಿಯುತ್ತಿದ್ದೆ. ಬಿಳಿ ಅಂಗಿ ತೊಟ್ಟು ಹೊರಟವನ ಮೇಲೆ ಇಂಜಿನ್ನಿನ ಮಸಿ ಬಿದ್ದು, ಕಾಲೇಜು ತಲುಪುವ ಹೊತ್ತಿಗೆ ಅಂಗಿಗೆ ಚುಕ್ಕಿಚುಕ್ಕಿಯ ವಿನ್ಯಾಸ ಬಂದಿರುತ್ತಿತ್ತು. ಕಾಲೇಜು ಸ್ಟೇಷನ್ನಿಗೆ ಹತ್ತಿರವೇ, ಹಳಿಯ ಆಚೆ. ಹೆಸರು ಹೇಳುವುದಿಲ್ಲ. ಅಲ್ಲಿ ಓದಿದವರಿಗೆ ಈಗಾಗಲೇ ಗೊತ್ತಾಗಿರುತ್ತದೆ, ಮಿಕ್ಕವರಿಗೆ ಗೊತ್ತಾಗಿ ಆಗಬೇಕಾದ್ದು ಏನೂ ಇಲ್ಲ.

ನಮ್ಮ ಕಾಲೇಜಿನಲ್ಲಿ ಕ್ರಿಕೆಟ್ಟಿಗೆ ಬೇಕಾಗುವಷ್ಟು ಜಾಗವಿರಲಿಲ್ಲ. ಹಾಕಿ ಆಡಲು ಕೋಲುಗಳಿರಲಿಲ್ಲ. ಇದ್ದದ್ದು ಒಂದು ಮಣ್ಣಿನ ಅಂಗಳ, ಎರಡು ಮರದ ಬೋರ್ಡು, ಎರಡು ಕಬ್ಬಿಣದ ರಿಂಗು. ಅದರಲ್ಲೊಂದು ರಿಂಗು ಸ್ವಲ್ಪ ಎಡಕ್ಕೆ ವಾಲಿತ್ತು. ಹೀಗೆ ಬೇರೆ ದಾರಿಯಿಲ್ಲದೆ ನಾವು ಬ್ಯಾಸ್ಕೆಟ್‌ಬಾಲ್ ಭಕ್ತರಾದೆವು. ಅಂತರ ಕಾಲೇಜು ಪಂದ್ಯಾವಳಿ ಪ್ರತಿ ವರ್ಷ ಚಳಿಗಾಲದಲ್ಲಿ ನಡೆಯುತ್ತಿತ್ತು. ಒಂದು ಸಲ ಸೋತರೆ ಮನೆಗೆ ಹೋಗಬೇಕು, ಅದು ನಿಯಮ. ನಮ್ಮವರು ಪ್ರತಿ ವರ್ಷ ಮೊದಲ ಪಂದ್ಯದಲ್ಲೇ ಸೋಲುತ್ತಿದ್ದರು. ಉದ್ಘಾಟನೆಗೆ ಬಂದ ಅತಿಥಿಗಳಿಗೆ ಹಾಕಿದ ಹಾರ ಬಾಡುವ ಮೊದಲೇ ನಾವು ಪಂದ್ಯಾವಳಿಯಿಂದ ಹೊರಗೆ. ಬೇರೆ ಕಾಲೇಜಿನವರು ನಮಗೆ ‘ಉದ್ಘಾಟನಾ ತಂಡ’ ಎಂದು ಹೆಸರಿಟ್ಟಿದ್ದರು. ಇನ್ನೂ ಕೆಲವರು ‘ಮೊದಲ ಸುತ್ತಿನ ಗಿರಾಕಿಗಳು’ ಎನ್ನುತ್ತಿದ್ದರು.

ಸೋಲುವುದರಲ್ಲೂ ನಮ್ಮವರಿಗೆ ವೈವಿಧ್ಯವಿತ್ತು. ಒಂದು ವರ್ಷ ಕೊನೆಯ ನಿಮಿಷದಲ್ಲಿ ಸೋತರು. ಇನ್ನೊಂದು ವರ್ಷ ಮೊದಲ ನಿಮಿಷದಲ್ಲೇ ಸೋತರು. ಉಳಿದ ಮೂವತ್ತೊಂಬತ್ತು ನಿಮಿಷ ಸುಮ್ಮನೆ ಶಿಷ್ಟಾಚಾರ. ಮತ್ತೊಮ್ಮೆ ನಮ್ಮ ಸೆಂಟರ್ ಆಟಗಾರ, ಪುಣ್ಯಾತ್ಮ, ದಿಕ್ಕು ತಪ್ಪಿ ನಮ್ಮದೇ ಬುಟ್ಟಿಗೆ ಚೆಂಡು ಹಾಕಿದ. ಆ ಇಡೀ ವರ್ಷದಲ್ಲಿ ಅವನು ಹಾಕಿದ ಅತ್ಯುತ್ತಮ ಬುಟ್ಟಿ ಅದೇ ಆಗಿತ್ತೆಂಬುದು ನಮ್ಮ ಸಂಕಟ.

ನಮ್ಮ ಅಂದರೆ ಅಭಿಮಾನಿಗಳ. ನಮ್ಮ ಮುಖಂಡ ನಂಜುಂಡಿ. ಯಶವಂತಪುರದವನೇ, ನನ್ನ ತರಗತಿ, ನನ್ನ ಬೆಂಚು. ಅವನ ಗಂಟಲಿನಲ್ಲಿ ದೇವರು ಏನು ಇಟ್ಟಿದ್ದನೋ, ಅವನು ಕೂಗಿದರೆ ಸ್ಟೇಷನ್ನಿನಲ್ಲಿ ನಿಂತವರು ಗಾಡಿ ಬಂತೆಂದು ಗಂಟು ಎತ್ತಿಕೊಳ್ಳುತ್ತಿದ್ದರು. ಪ್ರತಿ ಸೋಲಿನ ಸಂಜೆ ಕ್ಯಾಂಟೀನಿನಲ್ಲಿ ಬೈಟು ಕಾಫಿಯ ಮುಂದೆ ಕುಳಿತು ಅವನು ಪ್ರತಿಜ್ಞೆ ಮಾಡುತ್ತಿದ್ದ: “ಇನ್ಮೇಲೆ ಈ ದರಿದ್ರ ಟೀಮ್ ಮುಖ ನೋಡಿದ್ರೆ ಕೇಳು ಮಗಾ. ನಾನು ಮನುಷ್ಯನೇ ಅಲ್ಲ.” ಮುಂದಿನ ವರ್ಷ ಪಂದ್ಯದ ದಿನ ಎಲ್ಲರಿಗಿಂತ ಮೊದಲು ಅಂಗಳದ ಅಂಚಿನಲ್ಲಿ ನಿಂತಿರುತ್ತಿದ್ದವನು ಅವನೇ. ಅವನು ಮನುಷ್ಯನೇ ಅಲ್ಲ ಎಂಬುದು ಹೀಗೆ ವರ್ಷಕ್ಕೊಮ್ಮೆ ಸಾಬೀತಾಗುತ್ತಿತ್ತು. ನಾನೂ ಕಡಿಮೆಯೇನಲ್ಲ. ಗೆಲುವಿಗಾಗಿ ಹದಿನೈದು ದಿನ ಗಡ್ಡ ಬಿಟ್ಟಿದ್ದೆ, ಗಣೇಶನಿಗೆ ಕಾಯಿ ಒಡೆಸಿದ್ದೆ, ಹಿಂದಿನ ಸಲ ಎಡಗಡೆ ನಿಂತು ಸೋತೆವೆಂದು ಈ ಸಲ ಬಲಗಡೆ ನಿಂತಿದ್ದೆ. ಆಟ ಆಡುವವರು ಬೆಳಗ್ಗೆ ಅಂಗಳದಲ್ಲಿ ಬೆವರು ಸುರಿಸುವಾಗ ಮಾತ್ರ ನಮ್ಮಲ್ಲಿ ಒಬ್ಬನೂ ಆ ಕಡೆ ತಲೆ ಹಾಕಿದವನಲ್ಲ. ಅದು ಅಗತ್ಯವೆಂದು ನಮಗೆ ಹೊಳೆದೂ ಇರಲಿಲ್ಲ.

ತಂಡವನ್ನು ತಯಾರು ಮಾಡುತ್ತಿದ್ದವರು ಪಿ.ಟಿ. ಮೇಷ್ಟ್ರು ದೊರೆಸ್ವಾಮಿಯವರು. ಯೌವನದಲ್ಲಿ ಅವರು ಹೆಸರಾಂತ ಕಬಡ್ಡಿ ಆಟಗಾರರು. ಹಾಗಾಗಿ ಎದುರಾಳಿ ಚೆಂಡು ಹಿಡಿದು ಬಂದ ಕೂಡಲೇ ಅವರಿಗೆ ಹಳೆಯ ರಕ್ತ ಕುದಿದು, “ಹಿಡ್ಕೊಳ್ರೋ! ಕಾಲ್ ಹಿಡ್ಕೊಳ್ರೋ!” ಎಂದು ಅರಚುತ್ತಿದ್ದರು. ಗುರುವಾಕ್ಯ ಮೀರದ ಒಬ್ಬಿಬ್ಬರು ಹಿಡಿದೂ ಬಿಡುತ್ತಿದ್ದರು. ನಮ್ಮ ತಂಡದಲ್ಲಿ ಐದು ಫೌಲ್ ಆಗಿ ಹೊರಬೀಳದ ಆಟಗಾರನೆಂದರೆ ಕ್ಯಾಪ್ಟನ್ ಗೋಪಿನಾಥ ಒಬ್ಬನೇ.

ಗೋಪಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ರೈಲ್ವೆ ನೌಕರರೊಬ್ಬರ ಮಗ, ಹಳಿಯ ಪಕ್ಕದ ಕ್ವಾರ್ಟರ್ಸಿನಲ್ಲಿ ಮನೆ. ಬ್ಯಾಸ್ಕೆಟ್‌ಬಾಲಿಗೆ ಬೇಕಾದ ಎತ್ತರ ಅವನಿಗಿರಲಿಲ್ಲ. ಮಾತು ಕಡಿಮೆ. ಫ್ರೀ ಥ್ರೋ ಸಿಕ್ಕಿದರೆ ಎರಡೂ ಕೈಯಿಂದ ಚೆಂಡನ್ನು ಮೊಣಕಾಲಿನ ಹತ್ತಿರ ಹಿಡಿದು, ಬಾವಿಕಟ್ಟೆಯಿಂದ ಬಿಂದಿಗೆ ಎತ್ತುವ ಹಾಗೆ ಮೇಲಕ್ಕೆ ಎಸೆಯುತ್ತಿದ್ದ. ನೋಡಲು ನಗೆಪಾಟಲು, ಆದರೆ ಚೆಂಡು ಸಾಮಾನ್ಯವಾಗಿ ಒಳಗೇ ಬೀಳುತ್ತಿತ್ತು. ಮೂರು ವರ್ಷ ಆಡಿ ಮೂರು ವರ್ಷವೂ ಮೊದಲ ಸುತ್ತಿನಲ್ಲಿ ಸೋತಿದ್ದ. ಆ ಚಳಿಗಾಲ ಅವನ ಕೊನೆಯ ಪಂದ್ಯಾವಳಿ, ಅದೂ ನಮ್ಮದೇ ಕಾಲೇಜಿನ ಅಂಗಳದಲ್ಲಿ. ಮೊದಲ ಪಂದ್ಯದಲ್ಲಿ ನಮಗೆ ಎದುರಾಗಿ ಬಂದದ್ದು ತುಮಕೂರಿನ ಕಡೆಯ ಒಂದು ಕಾಲೇಜು.

ಪಂದ್ಯ ಮಧ್ಯಾಹ್ನ ಒಂದು ಗಂಟೆಗೆ. ಎದುರಾಳಿಗಳ ಎತ್ತರ ಎಷ್ಟಿದೆ, ನಾವು ಎಷ್ಟು ಹೆದರಬೇಕು ಎಂದು ಮೊದಲೇ ತಿಳಿದುಕೊಳ್ಳಲು ನಾನೂ ನಂಜುಂಡಿಯೂ ಬೆಳಗ್ಗೆಯೇ ಸ್ಟೇಷನ್ನಿಗೆ ಹೋಗಿ ನಿಂತೆವು. ತುಮಕೂರಿನ ಗಾಡಿ ಬಂತು. ಹತ್ತು ಜನ ಇಳಿದರು. ಇಳಿದರು ಅನ್ನುವುದಕ್ಕಿಂತ ಬಗ್ಗಿ ಹೊರಬಂದರು. ಬಾಗಿಲು ಅವರಿಗೆ ಗಿಡ್ಡವಾಗಿತ್ತು. ನಂಜುಂಡಿ ನನ್ನ ತೋಳು ಹಿಡಿದುಕೊಂಡ. “ಮುಗೀತು ಮಗಾ. ಇವರು ಕೈ ಎತ್ತೋದೇ ಬೇಡ, ಸುಮ್ನೆ ನಿಂತ್ಕೊಂಡೇ ಬುಟ್ಟಿಗೆ ಹಾಕ್ತಾರೆ.”

ಅವರ ಜೊತೆ ಬರಬೇಕಿದ್ದ ಮೇಷ್ಟ್ರಿಗೆ ಜ್ವರವಂತೆ, ಹುಡುಗರೇ ಬಂದಿದ್ದರು. ತೆಳುಮೀಸೆಯ ಕ್ಯಾಪ್ಟನ್ ನೇರವಾಗಿ ನನ್ನ ಬಳಿ ಬಂದು, ಬಹಳ ಮರ್ಯಾದೆಯಿಂದ ಕೇಳಿದ: “ಸ್ವಾಮಿ, ಬ್ಯಾಸ್ಕೆಟ್‌ಬಾಲ್ ಮ್ಯಾಚ್ ನಡೆಯೋ ಕಾಲೇಜು ಯಾವ ಕಡೆ?”

ಕಾಲೇಜಿನ ಹೆಂಚು ಅಲ್ಲಿಂದಲೇ ಕಾಣುತ್ತಿತ್ತು. ಬೆರಳು ತೋರಿಸಿದ್ದರೆ ಸಾಕಿತ್ತು. ಆದರೆ ಬೆರಳಿಗಿಂತ ಮೊದಲು ನಾಲಿಗೆ ಎದ್ದಿತು. “ಮ್ಯಾಚಾ? ಇಲ್ಲಿ ಗ್ರೌಂಡ್ ಸರಿಯಿಲ್ಲ ಅಂತ ಯಲಹಂಕಕ್ಕೆ ಹಾಕಿದ್ದಾರಲ್ಲ! ನಿಮಗೆ ಕಾಗದ ಬರ್ಲಿಲ್ವಾ? ಅಗೋ, ಆ ಪ್ಲಾಟ್‌ಫಾರಂನಲ್ಲಿ ನಿಂತಿದೆಯಲ್ಲ, ಅದೇ ಗಾಡಿ. ಈಗ ಹೊರಡುತ್ತೆ. ಓಡಿ ಓಡಿ!”

ಹೇಳಿ ಸುಮ್ಮನಾಗಿದ್ದರೂ ಒಂದು ಮಾತಿತ್ತು. ಅವರು ಗಾಬರಿಯಾಗಿ ಟಿಕೆಟ್ಟಿನ ದುಡ್ಡಿಗೆ ತಡಕಾಡುವುದನ್ನು ನೋಡಿ, ನಾನೇ ಕೌಂಟರಿಗೆ ಓಡಿ ಹತ್ತು ಟಿಕೆಟ್ ಕೊಂಡು ತಂದು ಕೈಗಿಟ್ಟೆ. ಗಾಡಿ ಚಲಿಸುತ್ತಿದ್ದಂತೆ ಆ ಕ್ಯಾಪ್ಟನ್ ಬಾಗಿಲಲ್ಲಿ ನಿಂತು ಕೈಮುಗಿದು, “ಬಹಳ ಉಪಕಾರ ಆಯ್ತು” ಎಂದು ಕೂಗಿದ. ನಾನು ಕೈ ಬೀಸಿದೆ. ನಂಜುಂಡಿಯ ಬಾಯಿ ತೆರೆದೇ ಇತ್ತು, ಅದರಿಂದ ಸ್ವರ ಹೊರಡುತ್ತಿರಲಿಲ್ಲ. ಅವನನ್ನು ಪರಿಚಯವಾದಾಗಿನಿಂದ ಹಾಗೆ ನೋಡಿದ್ದು ಅದೇ ಮೊದಲು. ಕೊನೆಗೆ, “ಗುರು, ನೀನು ಇಷ್ಟು ದೊಡ್ಡ ಕೇಡಿ ಅಂತ ಗೊತ್ತೇ ಇರ್ಲಿಲ್ಲ” ಎಂದ. ಅದರಲ್ಲಿ ಭಯಕ್ಕಿಂತ ಭಕ್ತಿಯೇ ಹೆಚ್ಚಾಗಿತ್ತು. ನನಗೂ ಹೆಮ್ಮೆಯಾಯಿತು.

ಒಂದು ಗಂಟೆಯಾಯಿತು. ಎದುರಾಳಿಗಳ ಸುಳಿವಿಲ್ಲ. ರೆಫರಿ ಗಡಿಯಾರ ನೋಡಿ, ನಿಯಮದ ಪ್ರಕಾರ ಹದಿನೈದು ನಿಮಿಷ ಕಾಯುವುದಾಗಿಯೂ ಆಮೇಲೆ ನಮ್ಮನ್ನು ಗೆದ್ದವರೆಂದು ಬರೆದುಕೊಳ್ಳುವುದಾಗಿಯೂ ಹೇಳಿದರು. ಅಂಗಳದ ಸುತ್ತ ನೆರೆದಿದ್ದ ನಮ್ಮವರಲ್ಲಿ ಮೊದಲು ಗುಸುಗುಸು, ಆಮೇಲೆ ಗದ್ದಲ, ಆಮೇಲೆ ತಮಟೆ. ನಂಜುಂಡಿ ಒಂದೊಂದು ನಿಮಿಷವನ್ನೂ ಹರಾಜಿನವನ ಹಾಗೆ ಕೂಗಿದ. ದೊರೆಸ್ವಾಮಿ ಮೇಷ್ಟ್ರಂತೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹದಿನೈದು ನಿಮಿಷ ತುಂಬಿತು. ರೆಫರಿ ಕಾಗದ ತೆಗೆದು ಕ್ಯಾಪ್ಟನ್ ಸಹಿಗಾಗಿ ಪೆನ್ನು ಕೊಟ್ಟರು.

ಗೋಪಿ ಪೆನ್ನನ್ನು ತೆಗೆದುಕೊಂಡ. ಒಂದು ಕ್ಷಣ ನೋಡಿದ. ಕ್ಯಾಪು ಹಾಕಿ ಅದನ್ನು ರೆಫರಿಯ ಜೇಬಿಗೇ ಸಿಕ್ಕಿಸಿದ.

“ಸ್ವಲ್ಪ ಹೊತ್ತು ನೋಡೋಣ ಸಾರ್. ಅಷ್ಟು ದೂರದಿಂದ ಬರಬೇಕು. ಗಾಡಿ ತಡ ಆಗಿರಬಹುದು.”

“ಲೋ, ತಲೆ ಕೆಟ್ಟಿದೆಯೇನೋ?” ದೊರೆಸ್ವಾಮಿಯವರು ಹಾರಿಬಿದ್ದರು. “ಸೈನ್ ಹಾಕೋ! ನಾಲ್ಕು ವರ್ಷದಿಂದ ಕಾಯ್ತಾ ಇದ್ದೀನಿ ನಾನು!”

“ಬಂದವರ ಕೈಲೆಲ್ಲ ಸೋತಿದ್ದೀವಿ ಸಾರ್. ಅದಕ್ಕೆ ನನಗೆ ನಾಚಿಕೆಯಿಲ್ಲ. ಬರದೇ ಇರೋರ ಮೇಲೆ ಗೆದ್ದೆ ಅಂತ ಮನೇಲಿ ಹೇಗೆ ಹೇಳ್ಲಿ?”

ಆಮೇಲಿನ ಗಲಾಟೆಯನ್ನು ನೀವು ಊಹಿಸಿಕೊಳ್ಳಿ. ಜನ ಎದುರಾಳಿಗಳಿಗಾಗಿ ತಯಾರು ಮಾಡಿಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಗೋಪಿಯ ಮೇಲೆ ಸುರಿದರು. “ಧರ್ಮರಾಯಾ, ಕಾಲಿಗೆ ಬೀಳ್ತೀವಿ ಕಣೋ, ಸೈನ್ ಹಾಕೋ!” ಎಂದು ನಂಜುಂಡಿ ನಿಜವಾಗಿಯೂ ಅಡ್ಡಬಿದ್ದ. ಗೋಪಿ ಬೋರ್ಡಿನ ಕಂಬಕ್ಕೆ ಒರಗಿ ಕುಳಿತ. ಅವನ ಹುಡುಗರೂ ಕುಳಿತರು. ಪಂದ್ಯ ಮುಗಿಸಿ ಊಟ ಮಾಡುವುದೆಂದು ಅವರಿಗೆಲ್ಲ ಹಸಿವು. ಎರಡು ಗಂಟೆಯಾಯಿತು. ನಾನು ಯಾರ ಮುಖವನ್ನೂ ನೋಡದೆ ಗಾಡಿಯ ವೇಳಾಪಟ್ಟಿಯನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದೆ. ಯಲಹಂಕದಿಂದ ವಾಪಸು ಗಾಡಿ ಇರುವುದು ಸಂಜೆಗೆ. ಬಸ್ಸೊಂದು ಆಗಲೇ ಹೋಗಿರುತ್ತದೆ. ನಡೆದು ಬಂದರೆ ಕತ್ತಲಾಗುತ್ತದೆ. ಎಲ್ಲ ಭದ್ರವಾಗಿದೆ.

ಯಲಹಂಕದಿಂದ ನಡೆದು ಬರುವವರು ಬಳ್ಳಾರಿ ರಸ್ತೆಯಲ್ಲೇ ಬರಬೇಕು, ಬಳ್ಳಾರಿ ರಸ್ತೆಯಲ್ಲಿ ಬಂದರೆ ಅಲ್ಲಾಳಸಂದ್ರದಲ್ಲಿ ನಮ್ಮ ಮನೆಯ ಮುಂದೆಯೇ ಹಾಯಬೇಕು ಎಂಬುದು ಮಾತ್ರ ನನ್ನ ತಲೆಗೆ ಹೊಳೆಯಲಿಲ್ಲ. ದಿನಾ ಅದೇ ದಾರಿಯಲ್ಲಿ ಓಡಾಡುವ ಮಹಾಮೇಧಾವಿ ನಾನು.

ಮುಂದಿನದ್ದು ಆಮೇಲೆ ಅಪ್ಪನಿಂದ ತಿಳಿದದ್ದು. ಅವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದಳು. ಹತ್ತು ಜನ ಉದ್ದುದ್ದ ಹುಡುಗರು ಧೂಳು ಮೆತ್ತಿಕೊಂಡು, ಮುಖ ಬಾಡಿಸಿಕೊಂಡು ಬಂದು ಕುಡಿಯಲು ನೀರು ಕೇಳಿದರು. ಅವ್ವ ವಿಚಾರಿಸಿದಳು. ಅವರು ಹೇಳಿದರು.

“ಅಯ್ಯೋ, ಯಾವ ಮನೆಹಾಳ ಅಂಗೆ ಯೋಳಿದ್ದು? ಅವನ ಬಾಯಿಗೆ ಉಳ ಬೀಳ!” ಎಂದಳಂತೆ ಅವ್ವ. “ಎತ್ತವ್ವ ಎಂಗೆ ಎತ್ತಿದ್ಲೋ ಅಂಥೋನ್ನ! ಒಟ್ಟೆಗಿಲ್ದೆ ಅದೇನ್ ಆಟ ಆಡೀರಿ, ಬನ್ನಿ ಒಳೀಕೆ, ಕೂತ್ಕಳಿ.”

ತಡವಾಗುತ್ತದೆ ಎಂದು ಅವರು ಬೇಡಿಕೊಂಡರು. ಅವ್ವನ ಹತ್ತಿರ ಅದೆಲ್ಲ ನಡೆಯುವುದಿಲ್ಲ. ಮನೆಯಲ್ಲಿ ಆಳುಗಳಿಗೆಂದು ಮಾಡಿಟ್ಟಿದ್ದ ರಾಗಿಮುದ್ದೆ, ಅವರೆಕಾಳಿನ ಸಾರನ್ನು ಎಲ್ಲರನ್ನೂ ಸಾಲಾಗಿ ಕೂರಿಸಿ ಬಡಿಸಿದಳು. ಒಬ್ಬೊಬ್ಬನಿಗೆ ಎರಡೆರಡು ಮುದ್ದೆ. ಪ್ರತಿ ಸೌಟಿಗೂ ಒಂದೊಂದು ಶಾಪ, ದಾರಿ ತಪ್ಪಿಸಿದವನಿಗೆ. ಅಷ್ಟರಲ್ಲಿ ಅಪ್ಪ ತೋಟದಿಂದ ಬಂದು ವಿಷಯ ತಿಳಿದು, ಊರಿನ ತರಕಾರಿ ಲಾರಿಯ ಡ್ರೈವರನ್ನು ಎಬ್ಬಿಸಿ, ಕೋಸಿನ ಮೂಟೆಗಳ ಮೇಲೆ ಹತ್ತೂ ಜನರನ್ನು ಕೂರಿಸಿ ತಾವೇ ಮುಂದೆ ಕುಳಿತು ಹೊರಟರು.

ಲಾರಿ ನಮ್ಮ ಕಾಲೇಜಿನ ಗೇಟಿನೊಳಕ್ಕೆ ಬಂದಾಗ ಎರಡೂವರೆ. ಕೋಸಿನ ಮೂಟೆಗಳ ಮೇಲಿಂದ ಆ ಹತ್ತು ಜನ ಧುಮುಕಿದರು. ಡ್ರೈವರ್ ಪಕ್ಕದಿಂದ ಅಪ್ಪ ಇಳಿದರು. ನಂಜುಂಡಿ ನನ್ನನ್ನು ನೋಡಿದ. ನಾನು ಭೂಮಿಯನ್ನು ನೋಡಿದೆ. ಅದು ಬಾಯಿ ಬಿಡಲಿಲ್ಲ.

ಅಪ್ಪ ಗುಂಪಿನಲ್ಲಿ ನನ್ನನ್ನು ಕಂಡು ಖುಷಿಯಿಂದ ಬಂದರು. “ಇಲ್ಲೇ ಇದ್ದೀಯಾ? ನೋಡ್ಲಾ, ಯಾವನೋ ಬೇವಾರ್ಸಿ ಈ ಉಡುಗ್ರುನ್ನ ಯಲಂಕಕ್ಕೆ ಕಳ್ಸವ್ನೆ. ನಿಮ್ ಕಾಲೇಜ್‌ನೋರು ಅವನ್ಯಾರು ಅಂತ ಇಡಿದು ನಾಕು ಬಿಡ್ಬೇಕು.”

ಅಷ್ಟರಲ್ಲಿ ಆ ತೆಳುಮೀಸೆಯ ಕ್ಯಾಪ್ಟನ್ ಅಪ್ಪನಿಗೆ ವಂದನೆ ಹೇಳಲು ಬಂದವನು ನನ್ನನ್ನು ನೋಡಿದ. ನಿಂತ. ನನ್ನ ಮುಖ, ಅಪ್ಪನ ಮುಖ, ಮತ್ತೆ ನನ್ನ ಮುಖ. ನನ್ನ ಮೂಗು ಅಪ್ಪನದೇ ಪಡಿಯಚ್ಚು, ಅದನ್ನು ಮುಚ್ಚಿಡುವಂತಿರಲಿಲ್ಲ.

“ಇವರು ನಿಮ್ಮ ಮಗನಾ ಯಜಮಾನ್ರೇ?”

“ಊಂ, ನಮ್ಮೋನೇ. ಯಾಕಪ್ಪ, ಪರಿಚಯಾನಾ?”

ನನ್ನ ಕಿವಿಯಲ್ಲಿ ಪ್ಯಾಸೆಂಜರ್ ಗಾಡಿಯೇ ಓಡುತ್ತಿತ್ತು. ಆ ಹುಡುಗ ಒಮ್ಮೆ ಹೊಟ್ಟೆ ಸವರಿಕೊಂಡ. ಬಹುಶಃ ಹೊಟ್ಟೆಯೊಳಗಿನ ಮುದ್ದೆ ಅವನಿಗೆ ಏನೋ ಹೇಳಿರಬೇಕು.

“ಬೆಳಗ್ಗೆ ಸ್ಟೇಷನ್‌ನಲ್ಲಿ ಸಿಕ್ಕಿದ್ರು. ಪಾಪ, ಓಡಿ ಹೋಗಿ ನಮಗೆ ಟಿಕೆಟ್ ತಂದುಕೊಟ್ಟಿದ್ದು ಇವರೇ” ಎಂದು ಹೇಳಿ ಅಂಗಳದ ಕಡೆ ಹೊರಟುಹೋದ.

ಅಪ್ಪ ಓದಿದವರಲ್ಲ. ಆದರೆ ಯಶವಂತಪುರದಲ್ಲಿ ಇಳಿಯಬೇಕಾದವರಿಗೆ ಯಶವಂತಪುರದಲ್ಲಿ ಟಿಕೆಟ್ ಏಕೆ ಬೇಕಾಯಿತು ಎಂದು ತಿಳಿದುಕೊಳ್ಳಲು ಡಿಗ್ರಿ ಬೇಕಾಗಿಲ್ಲ. ಹೆಗಲ ಮೇಲಿನ ಟವೆಲು ತೆಗೆದು ಕೊಡವಿದರು, ಮತ್ತೆ ಹೆಗಲಿಗೆ ಹಾಕಿಕೊಂಡರು. “ಅಂಗಾ” ಎಂದರು. ಅಷ್ಟೇ. ನನ್ನ ಪಕ್ಕದಲ್ಲೇ ನಿಂತು ಪಂದ್ಯ ನೋಡತೊಡಗಿದರು.

ಆಟದ ಮೊದಲರ್ಧದಲ್ಲಿ ಒಂದು ಪವಾಡ ನಡೆಯಿತು. ಆ ಎತ್ತರದ ಹುಡುಗರಿಗೆ ಓಡಲಾಗುತ್ತಿಲ್ಲ! ಎರಡೆರಡು ಮುದ್ದೆ ಹೊಟ್ಟೆಯಲ್ಲಿ ಕುಳಿತಿದೆ, ನೆಗೆದರೆ ನೆಲ ಬಿಡುವುದಿಲ್ಲ. ಒಬ್ಬನಂತೂ ಆಟದ ನಡುವೆ ಆಕಳಿಸಿದ್ದನ್ನು ನಾನು ಕಣ್ಣಾರೆ ಕಂಡೆ. ನಮ್ಮವರು ಅವರ ಸಂದಿಯಲ್ಲಿ ನುಸುಳಿ ನುಸುಳಿ ಬುಟ್ಟಿ ಹಾಕಿದರು. ಅರ್ಧ ಆಟಕ್ಕೆ ನಾವು ಹದಿನೇಳು, ಅವರು ಹನ್ನೊಂದು. ಅರ್ಧ ಆಟದಲ್ಲಿ ನಾವು ಮುಂದಿದ್ದದ್ದು ಕಾಲೇಜಿನ ಚರಿತ್ರೆಯಲ್ಲೇ ಅದೇ ಮೊದಲು. ನಂಜುಂಡಿ ಗಂಟಲು ಹರಿದುಕೊಂಡು ಕೂಗುತ್ತಿದ್ದ. ನನ್ನ ಗಂಟಲಿನಿಂದ ಒಂದು ಕೂಗೂ ಬರಲಿಲ್ಲ. ಪಕ್ಕದಲ್ಲಿ ಆ ಟವೆಲು ಇತ್ತಲ್ಲ.

ಉತ್ತರಾರ್ಧದಲ್ಲಿ ಮುದ್ದೆ ಅರಗಿತು. ರಾಗಿಯ ಶಕ್ತಿ ನಿಮಗೆ ಗೊತ್ತೇ ಇದೆ. ಅವರು ಕುದುರೆಗಳಂತೆ ಓಡತೊಡಗಿದರು. ನಮ್ಮವರೋ, ಬೆಳಗ್ಗೆ ತಿಂದ ಎರಡು ಇಡ್ಲಿಯ ಮೇಲೆ ಒಂದೂವರೆ ಗಂಟೆ ಬಿಸಿಲಿನಲ್ಲಿ ಕಾದಿದ್ದವರು. ಒಬ್ಬೊಬ್ಬರಿಗೂ ಮೀನಖಂಡ ಹಿಡಿಯತೊಡಗಿತು. ಇಪ್ಪತ್ತು ಇಪ್ಪತ್ತು ಆಯಿತು. ಇಪ್ಪತ್ತೆಂಟು ಮೂವತ್ತು ಆಯಿತು. ಇನ್ನೇನು ಸೀಟಿ ಊದಬೇಕು, ಅಷ್ಟರಲ್ಲಿ ಗೋಪಿಯನ್ನು ಯಾರೋ ತಳ್ಳಿದರು. ಅವನಿಗೆ ಎರಡು ಫ್ರೀ ಥ್ರೋ.

ಮೊದಲನೆಯದನ್ನು ಬಿಂದಿಗೆ ಎತ್ತಿದ ಹಾಗೆ ಎತ್ತಿ ಎಸೆದ. ಒಳಗೆ. ಎರಡನೆಯದು ರಿಂಗಿನ ಅಂಚಿನ ಮೇಲೆ ಕುಳಿತು, ಯಾವ ಕಡೆ ಬೀಳಲಿ ಎಂದು ಯೋಚಿಸಿ, ಹೊರಗೆ ಬಿತ್ತು. ಅದು ಎಡಕ್ಕೆ ವಾಲಿದ ರಿಂಗು. ನಮ್ಮದೇ ಅಂಗಳ, ನಮ್ಮದೇ ರಿಂಗು, ಎಷ್ಟೋ ವರ್ಷದಿಂದ ಯಾರೂ ನೆಟ್ಟಗೆ ಮಾಡಿಸಿರಲಿಲ್ಲ. ರೆಫರಿ ಸೀಟಿ ಊದಿದರು. ಒಂದು ಪಾಯಿಂಟಿನಿಂದ ಸೋತೆವು.

ಜನ ಅಂಗಳಕ್ಕೆ ನುಗ್ಗಿದರು. ಯಾರೂ ಗೆದ್ದವರ ಕಡೆ ಹೋಗಲಿಲ್ಲ, ಎಲ್ಲ ಗೋಪಿಯ ಸುತ್ತ. “ಸತ್ಯಹರಿಶ್ಚಂದ್ರನ ಮೊಮ್ಮಗಾ! ಸೈನ್ ಹಾಕಿದ್ರೆ ನಿನ್ ಗಂಟೇನ್ ಹೋಗ್ತಿತ್ತು?” “ಕಾಲೇಜಿನ ಮಾನ ಕಳೆದೆ!” ಯಾರೋ ಅವನ ಬನಿಯನ್ ಎಳೆದರು. ಅತಿ ಜೋರಾಗಿ ಕೂಗುತ್ತಿದ್ದವನು ನಂಜುಂಡಿ, ಬೆಳಗ್ಗೆಯ ವಿಷಯವನ್ನೆಲ್ಲ ಬಲ್ಲ ನಂಜುಂಡಿ. ಗೋಪಿ ಆ ರಿಂಗನ್ನೇ ನೋಡುತ್ತಿದ್ದ. ಕಣ್ಣಿನಲ್ಲಿ ನೀರಿತ್ತು.

ನಾನು ಧೈರ್ಯವಂತನಲ್ಲ. ಈ ಮಾತನ್ನು ವಿನಯಕ್ಕಾಗಿ ಹೇಳುತ್ತಿಲ್ಲ, ನನ್ನ ಹೆಂಡತಿಯನ್ನು ಕೇಳಿ ಬೇಕಾದರೆ. ಆ ಹೊತ್ತಿನಲ್ಲಿ ಮಾತ್ರ ಏನಾಯಿತೋ, ಗುಂಪಿನ ಒಳಕ್ಕೆ ನುಗ್ಗಿ ಗೋಪಿಯ ಮುಂದೆ ನಿಂತುಬಿಟ್ಟೆ. “ಅವನನ್ನ ಬಿಡ್ರೋ” ಎಂದೆ. “ಅವರನ್ನ ಯಲಹಂಕಕ್ಕೆ ಕಳಿಸಿದ್ದು ನಾನು. ಗೋಪಿ ಸೈನ್ ಹಾಕಿದ್ರೆ ನನ್ನ ಸುಳ್ಳಿಗೆ ಹಾಕ್ದಂಗಾಗ್ತಿತ್ತು. ಬೈಯೋದಿದ್ರೆ ನನಗೆ ಬೈಯಿರಿ.”

ನಂಜುಂಡಿ ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿದ್ದ. ಅರ್ಧ ದಾರಿಯಲ್ಲಿ ನಿಂತು, ತಲೆ ಕೆರೆದುಕೊಂಡು, “ನಾನೂ ಅಲ್ಲೇ ಇದ್ದೆ” ಎಂದ. ಅವನ ಬದುಕಿನಲ್ಲಿ ಅವನು ಅಷ್ಟು ಮೆತ್ತಗೆ ಆಡಿದ ಮಾತು ಬೇರೊಂದಿಲ್ಲ.

ಗೋಪಿ ನನ್ನ ಮುಖವನ್ನು ದಿಟ್ಟಿಸಿದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ವಾಸಿಯಾಗುತ್ತಿತ್ತು. “ಮೂರು ವರ್ಷದಿಂದ ನಮ್ಮ ಆಟ ನೋಡ್ತಾ ಇದ್ದೀಯಲ್ಲ. ನಾವು ಗೆಲ್ತೀವಿ ಅಂತ ಒಂದು ಸಲಾನಾದ್ರೂ ಅನ್ನಿಸಿಲ್ವಾ ನಿನಗೆ?” ಎಂದ. ಗಡ್ಡ ಬಿಟ್ಟಿದ್ದೆ, ಕಾಯಿ ಒಡೆಸಿದ್ದೆ, ಬಲಗಡೆ ನಿಂತಿದ್ದೆ. ಗೆಲ್ಲುತ್ತಾರೆಂದು ನಂಬಿರಲಿಲ್ಲ.

ದೊರೆಸ್ವಾಮಿ ಮೇಷ್ಟ್ರು ಪ್ರಿನ್ಸಿಪಾಲರ ತನಕ ಸುದ್ದಿ ಒಯ್ಯಲಿಲ್ಲ. ನಮ್ಮಿಬ್ಬರನ್ನೂ ಆ ತುಮಕೂರಿನ ಹುಡುಗರ ಎದುರು ನಿಲ್ಲಿಸಿ ಕ್ಷಮೆ ಕೇಳಿಸಿದರು. ತೆಳುಮೀಸೆಯವನು, “ಪರವಾಗಿಲ್ಲ ಬಿಡಿ, ಊಟ ಚೆನ್ನಾಗಿತ್ತು” ಎಂದ. ಆಮೇಲೆ ಮೇಷ್ಟ್ರು ನನ್ನ ಕಡೆ ತಿರುಗಿ ಶಿಕ್ಷೆ ವಿಧಿಸಿದರು: “ನಾಳೆಯಿಂದ ಮೊದಲ ಗಾಡಿಗೆ ಬಂದು ಅಂಗಳ ಗುಡಿಸಿ, ನೀರು ಹೊಡೆದು, ಸುಣ್ಣದ ಗೆರೆ ಎಳೀಬೇಕು. ಆಮೇಲೆ ಟೀಮಿನ ಜೊತೆ ಓಡ್ಬೇಕು. ಡಿಗ್ರಿ ಮುಗಿಯೋವರೆಗೆ.” ನಂಜುಂಡಿಗೂ ಅದೇ ಶಿಕ್ಷೆ. ಅವನು ನಾಲ್ಕನೇ ದಿನಕ್ಕೆ ಡಾಕ್ಟರ ಚೀಟಿ ತಂದು ಪಾರಾದ.

ಆ ಸಂಜೆ ಕೋಸು ಇಳಿಸಿ ಬಂದ ಖಾಲಿ ಲಾರಿಯಲ್ಲಿ ಅಪ್ಪನ ಪಕ್ಕ ಕುಳಿತು ಊರಿಗೆ ಹೊರಟೆ. ಹೆಬ್ಬಾಳ ದಾಟಿದ ಮೇಲೆ ಅಪ್ಪ ರಸ್ತೆಯನ್ನೇ ನೋಡುತ್ತಾ ಹೇಳಿದರು: “ನಿಮ್ಮವ್ವಂಗೆ ಯೋಳ್ಬ್ಯಾಡ.”

“ಯಾಕಪ್ಪ?”

“ಆ ಉಡುಗ್ರಿಗೆ ಬಡಿಸ್ತಾ ದಾರಿ ತಪ್ಸಿದೋನ್ಗೆ ಭಾಳ ಸಾಪ ಆಕವ್ಳೆ. ಅವನ್ನೆತ್ತೋಳ್ಗೂ ಸೇರ್ಸಿ. ಎಲ್ಲಾನೂ ವಾಪಸ್ ತಗೊಳಕ್ಕೆ ಅವ್ಳಿಗೆ ಒಂದ್ ವಾರ ಇಡೀತದೆ.”

ಅಪ್ಪನ ಮೀಸೆಯ ತುದಿ ಅಲುಗುತ್ತಿತ್ತೋ ಲಾರಿಯೇ ಅಲುಗುತ್ತಿತ್ತೋ, ನನಗೆ ಇಂದಿಗೂ ನಿರ್ಧಾರವಾಗಿಲ್ಲ. ಅವ್ವನಿಗೆ ನಾವು ಕೊನೆಯವರೆಗೂ ಹೇಳಲಿಲ್ಲ. ಪ್ರತಿ ವರ್ಷ ಅವರೆಯ ಕಾಲಕ್ಕೆ ಅವಳಿಗೆ ಆ ಹುಡುಗರು ನೆನಪಾಗುತ್ತಿದ್ದರು. “ಪಾಪ, ಎಂಥ ಉದ್ದುದ್ದ ಉಡುಗ್ರು! ದಾರಿ ತಪ್ಸಿದ್ನಲ್ಲ, ಅವನು ಈಗ್ಲೂ ಉದ್ದಾರ ಆಗಿರಾಕಿಲ್ಲ” ಎನ್ನುತ್ತಿದ್ದಳು. ಉದ್ಧಾರವಾಗದ ನಾನು ತಲೆ ತಗ್ಗಿಸಿ ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತಿದ್ದೆ.

ಶಿಕ್ಷೆ ನನಗೆ ಒಗ್ಗಿತು. ಮಂಜು ಮುಸುಕಿದ ಬೆಳಗಿನಲ್ಲಿ ಗುಡಿಸಿದ ಮಣ್ಣಿನ ಮೇಲೆ ಚೆಂಡು ಬೀಳುವ ಸದ್ದು ಅಷ್ಟು ಚೆನ್ನಾಗಿರುತ್ತದೆಂದು ಅಭಿಮಾನಿಯಾಗಿದ್ದಾಗ ನನಗೆ ಗೊತ್ತಿರಲಿಲ್ಲ. ನಾನು ಮಾಡಿದ ಮೊದಲ ಕೆಲಸವೆಂದರೆ ಏಣಿ ತರಿಸಿ ಆ ರಿಂಗನ್ನು ನೆಟ್ಟಗೆ ಮಾಡಿಸಿದ್ದು. ಗೋಪಿ ಪರೀಕ್ಷೆ ಮುಗಿಯುವವರೆಗೂ ಬರುತ್ತಿದ್ದ. ತಿಂಗಳುಗಟ್ಟಲೆ ನನ್ನೊಡನೆ ಮಾತಾಡಲಿಲ್ಲ, ಚೆಂಡು ಮಾತ್ರ ಎಸೆಯುತ್ತಿದ್ದ. ಒಂದು ದಿನ, “ಮೊಣಕೈ ಒಳಗಿಟ್ಕೊ” ಎಂದ. ಅದೇ ರಾಜಿ.

ಮುಂದಿನ ಚಳಿಗಾಲಕ್ಕೆ ತಂಡದಲ್ಲಿ ಜನ ಸಾಲದೆ ನನ್ನನ್ನೂ ಸೇರಿಸಿಕೊಂಡರು. ಮೊದಲ ಸುತ್ತು. ಕೊನೆಯ ನಾಲ್ಕು ನಿಮಿಷ ಮೇಷ್ಟ್ರು ನನ್ನನ್ನು ಅಂಗಳಕ್ಕೆ ಇಳಿಸಿದರು. ಆ ನಾಲ್ಕು ನಿಮಿಷದಲ್ಲಿ ಚೆಂಡು ನನ್ನ ಕೈಗೆ ಎರಡು ಸಲ ಬಂತು, ಎರಡು ಸಲವೂ ಬೇರೆಯವರ ಪಾಲಾಯಿತು. ಸುತ್ತ ನಿಂತ ಜನರ ಸದ್ದು ಒಳಗಿನಿಂದ ಕೇಳಿದರೆ ಹೇಗಿರುತ್ತದೆ ಗೊತ್ತೇ? ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳುತ್ತದೆ. ಅದರಲ್ಲೂ ಸ್ಟೇಷನ್ನಿಗೆ ಮುಟ್ಟುವ ಆ ಒಂದು ಗಂಟಲು: “ಲೋ ಅಲ್ಲಾಳಸಂದ್ರ! ಮನೆಗೆ ಹೋಗಿ ಮುದ್ದೆ ತಿನ್ನೋ!” ಸೋತೆವು. ಆ ಸಂಜೆ ಕ್ಯಾಂಟೀನಿನಲ್ಲಿ ನಂಜುಂಡಿ ನನ್ನ ಮುಂದೆಯೇ ಕುಳಿತು, ನನ್ನ ಕಾಫಿಯಲ್ಲೇ ಅರ್ಧ ಕುಡಿಯುತ್ತಾ ಪ್ರತಿಜ್ಞೆ ಮಾಡಿದ, “ಇನ್ಮೇಲೆ ಈ ದರಿದ್ರ ಟೀಮ್ ಮುಖ ನೋಡಲ್ಲ” ಎಂದು. ಆಗ ಕೆಲಸಕ್ಕೆ ಸೇರಿ ರಜೆ ಹಾಕಿ ಬಂದಿದ್ದ ಗೋಪಿ ಪಕ್ಕದ ಬೆಂಚಿನಲ್ಲಿದ್ದ. ಮೊದಲ ಸಲ ಅವನು ಗಟ್ಟಿಯಾಗಿ ನಕ್ಕದ್ದನ್ನು ನೋಡಿದೆ.

ಇಷ್ಟೆಲ್ಲ ನೆನಪಾದ ಮೇಲೆ ಮನೆಯಲ್ಲಿ ಕೂರುವುದು ಹೇಗೆ? ನಿನ್ನೆ ಮಧ್ಯಾಹ್ನ ಆರ್.ಟಿ. ನಗರದ ಕಡೆ ಯಾವುದೋ ಕಾಲೇಜುಗಳ ಪಂದ್ಯ ನಡೆಯುತ್ತಿದೆಯೆಂದು ಕೇಳಿ ಕೋಲು ಊರಿಕೊಂಡು ಹೋದೆ. ಸಿಮೆಂಟಿನ ಅಂಗಳ, ಗಾಜಿನಂಥ ಬೋರ್ಡು. ಒಂದು ತಂಡ ಬಹಳ ಚೆನ್ನಾಗಿ ಸೋಲುತ್ತಿತ್ತು. ಅವರ ಕಾಲೇಜಿನ ಮಕ್ಕಳೇ ಹಿಂದೆ ನಿಂತು ಮೊಬೈಲು ಹಿಡಿದುಕೊಂಡು ಅವರನ್ನು ಹೀಯಾಳಿಸುತ್ತಿದ್ದರು. ನಾನು ಆ ಸೋಲುವವರ ಬೆಂಚಿನ ಹಿಂದೆ ಒಂದು ಕುರ್ಚಿ ಹಾಕಿಸಿಕೊಂಡು ಕುಳಿತು, ಯಾರಾದರೂ ಬುಟ್ಟಿ ಹಾಕಿದಾಗಲೆಲ್ಲ ಕೋಲಿನಿಂದ ನೆಲ ಕುಟ್ಟಿದೆ. ಹೆಚ್ಚು ಸಲ ಕುಟ್ಟುವ ಪ್ರಮೇಯ ಬರಲಿಲ್ಲ.

ಪಂದ್ಯ ಮುಗಿದು ಜನ ಚದುರಿದರು. ಕೊನೆಗೆ ಉಳಿದ ಹುಡುಗನೊಬ್ಬ ಬೂಟಿನ ಲೇಸು ಬಿಚ್ಚುತ್ತಾ ನನ್ನನ್ನು ನೋಡಿ ಕೇಳಿದ: “ತಾತ, ಯಾರ ಜೊತೆ ಬಂದಿದ್ದೀರಾ?”

“ನಿಮ್ಮ ಜೊತೆ” ಎಂದೆ. “ಮುಂದಿನ ವರ್ಷ ನಿಮ್ಮ ಮೊದಲ ಪಂದ್ಯ ಯಾವತ್ತು ಅಂತ ಗೊತ್ತಾದ್ರೆ ಹೇಳು, ಬರ್ತೀನಿ.”

ಅವನಿಗೆ ಸ್ವಲ್ಪ ರೋಷ ಬಂತು. ಬರಬೇಕಾದ್ದೇ. “ಮೊದಲನೇದಕ್ಕೆ ಯಾಕೆ ತಾತ? ಎರಡನೇದಕ್ಕೆ ಬನ್ನಿ” ಎಂದ.

“ಬರ್ತೀನಪ್ಪ” ಎಂದೆ. “ಆದ್ರೆ ದಾರಿ ನೀನೇ ತೋರಿಸ್ಬೇಕು. ಅಲ್ಲೀವರೆಗೆ ನಾನು ಯಾವತ್ತೂ ಹೋಗಿಲ್ಲ.”